ಬ್ರೇಕು ಮತ್ತು ನಮಸ್ಕಾರ

ಕಾರಿನಲ್ಲಿ ಕೂತ ಮೇಲೆ ನಾನು ಯಾರಿಗೂ ಕೈ ಮುಗಿಯುವುದಿಲ್ಲ. ಇದರಿಂದ ಆರ್.ಎಸ್. ಪುರಂನಲ್ಲಿ ನನಗೆ ಗರ್ವಿಷ್ಠನೆಂಬ ಬಿರುದು ಬಂದಿದೆ. ‘ವಕೀಲರು ಕಾರು ಕೊಂಡರು, ಕೈಗಳನ್ನು ಮಾರಿಬಿಟ್ಟರು’ ಎಂದು ನನಗೆ ಕೇಳಿಸುವಷ್ಟು ದೂರದಲ್ಲೇ ನಿಂತು ಹೇಳುವವರಿದ್ದಾರೆ. ಬಿರುದನ್ನು ಹಿಂತಿರುಗಿಸುವ ಉದ್ದೇಶವೇನೂ ನನಗಿಲ್ಲ. ಆದರೆ ಅದಕ್ಕೊಂದು ಪೂರ್ವಚರಿತ್ರೆ ಇದೆ. ನಿಮ್ಮ ಹತ್ತಿರ ಹೇಳಿಕೊಳ್ಳಬಹುದು.

ನಮ್ಮ ಕೊಯಮತ್ತೂರಿನವರ ವಿನಯ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಇಲ್ಲಿ ಜಗಳವಾಡುವವರೂ ಒಬ್ಬರಿಗೊಬ್ಬರು ಬಹುವಚನ ತಪ್ಪಿಸುವುದಿಲ್ಲ, ಮಾತಿನ ಕೊನೆಗೆ ಮರ್ಯಾದೆಯ ‘ಂಗ’ ಸೇರಿಸಿಯೇ ಬೈಯುತ್ತಾರೆ. ಇನ್ನು ಬೀಳ್ಕೊಳ್ಳುವುದಂತೂ ಒಂದು ಪ್ರತ್ಯೇಕ ಶಾಸ್ತ್ರ. ಚಾಪೆಯಿಂದ ಎದ್ದಾಗ ಒಮ್ಮೆ ಕೈ ಮುಗಿದು ‘ಬರುತ್ತೇನೆ’ ಎನ್ನಬೇಕು, ಹೊಸ್ತಿಲಲ್ಲಿ ಒಮ್ಮೆ, ಮೆಟ್ಟು ಹಾಕಿಕೊಂಡು ಒಮ್ಮೆ, ಬಂಡಿ ಹತ್ತಿ ಮತ್ತೊಮ್ಮೆ. ಎತ್ತಿನ ಬಂಡಿಯ ಕಾಲಕ್ಕೆ ಇದು ಹೊಂದಿಕೊಂಡಿತ್ತು. ಬಂಡಿಯವನು ಹಗ್ಗ ಬಿಟ್ಟು ಕೈ ಮುಗಿದರೆ ಎತ್ತುಗಳು ನಿಂತಿರುತ್ತಿದ್ದವು, ಅವಕ್ಕೂ ಸಂಸ್ಕಾರವಿತ್ತು. ಕಾರಿಗೆ ಸಂಸ್ಕಾರವಿಲ್ಲವೆಂಬುದು ನಮಗೆ ತಿಳಿದದ್ದು ದೊಡ್ಡಮ್ಮನ ಮೊಮ್ಮಗಳ ನಿಶ್ಚಿತಾರ್ಥದ ದಿನ.

ಬೀಗರು ಕರುಮತ್ತಂಪಟ್ಟಿಯವರು, ಜವಳಿ ವ್ಯಾಪಾರದ ಚೆನ್ನಪ್ಪನವರು. ಅವರೂ ಕಾರಿನಲ್ಲಿ ಬಂದಿದ್ದರು, ದೊಡ್ಡಮ್ಮನ ತಮ್ಮ, ನಮ್ಮ ಸೋದರಮಾವ ರಾಮಲಿಂಗಯ್ಯನವರೂ ಕಾರಿನಲ್ಲಿ ಬಂದಿದ್ದರು. ದೊಡ್ಡಮ್ಮನ ಮನೆಯ ಪಕ್ಕದ ಖಾಲಿ ನಿವೇಶನವನ್ನು ಗುಡಿಸಿ, ನೀರು ಚಿಮುಕಿಸಿ, ಬಂಡಿಗಳು ಎಲ್ಲಿ, ಜಟಕಾಗಳು ಎಲ್ಲಿ, ಕಾರುಗಳು ಎಲ್ಲಿ ಎಂದು ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿದ್ದರು. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದವು ಎರಡೇ ಕಾರು. ಒಂದರ ಮೂತಿ ಪೂರ್ವದ ಬೀದಿಗೆ, ಇನ್ನೊಂದರದು ಪಶ್ಚಿಮದ ಬೀದಿಗೆ. ನಡುವೆ ನೆಲ ಬಾಣಲೆಯಂತೆ ತಗ್ಗಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ತಾಂಬೂಲದ ತಟ್ಟೆ ಬದಲಾಯಿಸಿ, ಊಟವಾಗಿ, ಹೊರಟೆವು. ಎರಡು ಕಾರಿಗೂ ಹ್ಯಾಂಡಲು ತಿರುವಿದ್ದಾಯಿತು, ಡ್ರೈವರುಗಳು ಕೂತು ಬ್ರೇಕು ಸಡಿಲಿಸಿದ್ದೂ ಆಯಿತು. ಗೇರು ಇನ್ನೂ ಬಿದ್ದಿರಲಿಲ್ಲ. ಆ ಗಳಿಗೆಯಲ್ಲಿ ದೊಡ್ಡಮ್ಮ ಜಗಲಿಗೆ ಬಂದುಬಿಟ್ಟರು. ಮಂಡಿನೋವಿನ ದೊಡ್ಡಮ್ಮ ಯಾರನ್ನೂ ಬೀಳ್ಕೊಡಲು ಹೊರಗೆ ಬರುವವರಲ್ಲ. ಹಣೆಯಲ್ಲಿ ಕಾಸಗಲ ಕುಂಕುಮ, ಮುಖದಲ್ಲಿ ಮೊಮ್ಮಗಳ ಮದುವೆ ಗಟ್ಟಿಯಾದ ಸಂತೋಷ. ನೋಡಿದವರಿಗೆ ಕೈ ಮುಗಿಯದೆ ಇರುವುದು ಸಾಧ್ಯವಿರಲಿಲ್ಲ. ಎರಡು ಕಾರಿನೊಳಗಿದ್ದ ಕೈಗಳೆಲ್ಲ ಎದೆಯ ಮುಂದೆ ಸೇರಿದವು, ಡ್ರೈವರುಗಳವೂ ಸೇರಿ. ಮುಂದಕ್ಕೆ ಹೊರಟ ಕಾರುಗಳು ನಿಧಾನವಾಗಿ ಹಿಂದಕ್ಕೆ ಉರುಳಿ, ತಗ್ಗಿನ ನಟ್ಟನಡುವೆ, ಬೆನ್ನಿಗೆ ಬೆನ್ನು ತಾಗಿಸಿ ನಿಂತವು. ನಮ್ಮ ಮಾವನ ಕಾರಿನ ಮಡ್‌ಗಾರ್ಡು ಹಪ್ಪಳವಾಯಿತು.

ಡ್ರೈವರುಗಳಿಬ್ಬರೂ ಇಳಿದರು.

“ಕಣ್ಣು ತೆರಿಯಲೀಂಗಳಾ?” ಎಂದ ಬೀಗರ ಪಳನಿ, ಕಣ್ಣು ಕಾಣಿಸುವುದಿಲ್ಲವೇ ತಮಗೆ, ಎಂದು.

“ಬೆನ್ನಲ್ಲಿ ಕಣ್ಣು ತಮಗಿದೆಯೋಂಗ?” ಎಂದ ನಮ್ಮ ಮಾರಿಮುತ್ತು. ಅಷ್ಟು ಅಂದವನು ಮಡ್‌ಗಾರ್ಡು ನೋಡಿದ, ಹೆಗಲ ಮೇಲಿನ ವಸ್ತ್ರ ತೆಗೆದು ಅದರ ಮೇಲೆ ಹೊದಿಸಿದ.

ಕಾರಣವಿತ್ತು. ಕಾರು ಕೊಂಡ ದಿನ ಮಾವ ಅದಕ್ಕೆ ನಿಂಬೆಹಣ್ಣು ಹೊಡೆಸಿ, ಚೌಡೇಶ್ವರಿಯ ಮುಂದೆ, ಎಲ್ಲರೂ ಕೇಳುವಂತೆ ಆಣೆಯಿಟ್ಟಿದ್ದರು: ಯಾರ ತಪ್ಪಿನಿಂದ ಈ ಕಾರಿಗೆ ಮೊದಲ ನೆಗ್ಗು ಬೀಳುತ್ತದೋ ಅವರು ಮತ್ತೆ ಇದನ್ನು ಹತ್ತಕೂಡದು. ಮಾರಿಮುತ್ತು ಜಟಕಾ ಕುದುರೆ ಮಾರಿ ಡ್ರೈವಿಂಗ್ ಕಲಿತವನು. ಈ ಕಾರು ಬಿಟ್ಟರೆ ಅವನಿಗೆ ಹಿಂದಕ್ಕೆ ಹೋಗಲು ಕುದುರೆಯೂ ಇರಲಿಲ್ಲ.

ಚೆನ್ನಪ್ಪನವರು ದೊಡ್ಡ ಮನುಷ್ಯರು. “ತಪ್ಪು ನಮ್ಮದೂಂತ ಇಟ್ಕೊಳ್ಳಿ, ಬೀಗರೇ” ಎಂದರು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರ ಮೇಲೆ ತಪ್ಪು ಹೊರಿಸುವುದುಂಟೆ? “ಛೆ, ಛೆ, ನಮ್ಮದೇ” ಎಂದರು ಮಾವ. ಹೀಗೆ ಇಬ್ಬರು ದೊಡ್ಡವರ ಸೌಜನ್ಯದ ನಡುವೆ ಮಾರಿಮುತ್ತುವಿನ ಕತ್ತು ಸಿಕ್ಕಿಕೊಂಡಿತು.

ಆಗ ನಾನು ಮುಂದೆ ಬಂದೆ. ವಕೀಲನಾದ ಮೇಲೆ ಬರಬೇಕಲ್ಲ! ಬೆತ್ತದಿಂದ ನೆಲದ ಮೇಲೆ ನಕ್ಷೆ ಬರೆದೆ. ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಬಂಡಿಯ ಅಪಘಾತದ ವಿಷಯದಲ್ಲಿ ಬಹಳ ಆಲೋಚಿಸಿದ್ದಾರೆ. ಮೂಗುದಾರ ಹರಿದರೆ ಸಾರಥಿಯ ತಪ್ಪಿಲ್ಲ, ನೊಗ ಮುರಿದರೆ ತಪ್ಪಿಲ್ಲ, ‘ಸರಿಯಿರಿ, ಸರಿಯಿರಿ’ ಎಂದು ಕೂಗಿ ಎಚ್ಚರಿಸಿದ್ದರೂ ತಪ್ಪಿಲ್ಲ. ಸಾರಥಿ ಎರಡೂ ಕೈಯೆತ್ತಿ ನಮಸ್ಕಾರ ಮಾಡಿದರೆ ಏನೆಂಬುದು ಮಾತ್ರ ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಕಾನೂನಿಗೂ ಹೊಳೆದಿಲ್ಲ. ಅವರು ಟೋಪಿ ಎತ್ತುವ ಜನ, ಒಂದು ಕೈ ಸಾಕು. ನನ್ನ ವಾದ ಹೀಗೆ ಸಾಗಿ, ಕೊನೆಗೆ ತಪ್ಪು ಮಾರಿಮುತ್ತುವಿನದೇ ಎಂಬಲ್ಲಿಗೆ ಬಂದು ನಿಂತಿತು. ಅವನನ್ನು ಉಳಿಸಲೆಂದೇ ನಾನು ಹೊರಟಿದ್ದೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ದೊಡ್ಡಮ್ಮ ಜಗಲಿಯ ಕಂಬ ಹಿಡಿದು ಎಲ್ಲ ಕೇಳುತ್ತಿದ್ದರು. “ನಿನ್ನ ಗೀಟು ಅಳಿಸೋ, ವಕೀಲಾ” ಎಂದರು. ಆಮೇಲೆ ಮಾರಿಮುತ್ತುವಿನ ಕಡೆ ತಿರುಗಿ, ಮಗುವನ್ನು ಮುದ್ದಿನಿಂದ ಕರೆಯುವಂತೆ, “ಕಣ್ಣಾ, ನೀನು ಕೈ ಮುಗಿದದ್ದು ಯಾರಿಗೆ?”

“ನಿಮಗೇಂಗ, ತಾಯೀ.”

“ನಾನು ಒಳಗೇ ಇದ್ದಿದ್ದರೆ?”

ಅವನು ಸುಳ್ಳು ಹೇಳಲಿಲ್ಲ. “ಮುಗೀತಿರಲಿಲ್ಲೀಂಗ.”

“ಆಯ್ತಲ್ಲ” ಎಂದರು ದೊಡ್ಡಮ್ಮ. “ತಂಬೀ ಲಿಂಗಾ, ತಪ್ಪು ನಂದು. ನಿನ್ನ ಆಣೆ ಆಣೆಯೇ. ಇನ್ನು ನಾ ನಿನ್ನ ಕಾರು ಹತ್ತೋದಿಲ್ಲ.”

ಮಾವನ ಮುಖ ನೋಡಬೇಕಿತ್ತು. ಮುಂದಿನ ಶುಕ್ರವಾರ ಅಕ್ಕನನ್ನು ಪೇರೂರು ದೇವಸ್ಥಾನಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಅವರು ಮಾತು ಕೊಟ್ಟಿದ್ದರು. ದೊಡ್ಡಮ್ಮ ಜನ್ಮದಲ್ಲಿ ಕಾರು ಹತ್ತಿದವರಲ್ಲ. ಗಾಳಿಗೆ ಸೆರಗು ನಿಲ್ಲುತ್ತದೆಯೇ, ರೇಷ್ಮೆ ಉಡಬೇಕೇ ನೂಲಿನದೇ ಎಂದು ಮನೆಯವರನ್ನೆಲ್ಲ ಕೇಳಿ ಇಟ್ಟುಕೊಂಡಿದ್ದರು. “ಅಕ್ಕಾ, ಅದು ಹಾಗಲ್ಲ...” ಎಂದು ಮಾವ ತೊದಲಿದರು. “ಹಾಗೇ” ಎಂದು ದೊಡ್ಡಮ್ಮ ಒಳಗೆ ಹೋದರು. ನನ್ನ ವೃತ್ತಿಯಲ್ಲಿ ತಪ್ಪು ಮಾಡಿಯೂ ಇಲ್ಲವೆನ್ನುವವರನ್ನು ದಿನವೂ ಕಾಣುತ್ತೇನೆ. ಅವರ ಪುಣ್ಯದಿಂದಲೇ ಮನೆಯಲ್ಲಿ ಒಲೆ ಉರಿಯುತ್ತದೆ. ಮಾಡದ ತಪ್ಪನ್ನು, ತೀರ್ಪು ಶಿಕ್ಷೆಗಳ ಸಮೇತ, ಹೀಗೆ ಸೆರಗಿಗೆ ಕಟ್ಟಿಕೊಂಡು ಹೋದವರನ್ನು ಮತ್ತೆ ಕಂಡಿಲ್ಲ.

ಶುಕ್ರವಾರ ದೊಡ್ಡಮ್ಮ ಬಂಡಿಯಲ್ಲೇ ಹೊರಟರು. ಅಕ್ಕ ಬಂಡಿಯಲ್ಲಿರುವಾಗ ತಾನು ಕಾರಿನಲ್ಲಿ ಹೋಗಲು ಮಾವನಿಗೆ ಮನಸ್ಸಾಗದೆ ಅವರೂ ಬಂಡಿ ಹತ್ತಿದರು. ಇಬ್ಬರ ಮಧ್ಯೆ ನಾನು. ಮಾವ ಕಾರನ್ನು ಮನೆಗೆ ಕಳಿಸಹೊರಟಾಗ ದೊಡ್ಡಮ್ಮ, “ಅದೂ ಬರಲಿ ಬಿಡೋ. ಹತ್ತೋದಿಲ್ಲ ಅಂದೆ, ನೋಡೋದಿಲ್ಲ ಅಂದೆನಾ?” ಎಂದರು. ಹೀಗೆ ಪೇರೂರು ರಸ್ತೆಯಲ್ಲಿ ಮುಂದೆ ಜೋಡಿ ಎತ್ತು, ಹಿಂದೆ ಎತ್ತಿನ ನಡಿಗೆಯಲ್ಲೇ ಖಾಲಿ ಕಾರು. ದೊಡ್ಡಮ್ಮ ಹಿಂದಕ್ಕೆ ಮುಖ ಮಾಡಿ ಕೂತು ದಾರಿಯುದ್ದಕ್ಕೂ ಅದನ್ನೇ ನೋಡಿದರು. ಎತ್ತುಗಳು ದಣಿಯಲಿಲ್ಲ, ಕಾರೇ ನಡುವೆ ನೀರು ಕೇಳಿತು. ಎದುರು ಬಂದವರು ಕೈ ಮುಗಿದರೆ ಮಾರಿಮುತ್ತು ಗೋಣು ಮಾತ್ರ ಆಡಿಸಿದ. ಚಕ್ರ ಹಿಡಿದ ಕೈಗಳು ಅಲುಗಲಿಲ್ಲ.

ದೇವಸ್ಥಾನದ ಮುಂದೆ ಅವನು ಕಾರು ನಿಲ್ಲಿಸಿದ. ಬ್ರೇಕು ಎಳೆದ. ಇಳಿದು, ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟ. ಚಪ್ಪಲಿ ಬಿಟ್ಟು ಬಂಡಿಯ ಹತ್ತಿರ ಬಂದು ದೊಡ್ಡಮ್ಮನ ಮುಂದೆ ನಿಂತ.

“ಈಗ ಕೈ ಮುಗಿ, ಕಣ್ಣಾ” ಎಂದರು ದೊಡ್ಡಮ್ಮ.

ಅಂದಿನಿಂದ ನನ್ನ ಪದ್ಧತಿಯೂ ಅದೇ. ನನ್ನನ್ನು ಗರ್ವಿಷ್ಠನೆನ್ನುವವರಲ್ಲಿ ನನ್ನ ಬಿನ್ನಹವಿಷ್ಟೆ: ಸ್ವಲ್ಪ ನಿಲ್ಲಿ. ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತಿದ್ದೇನೆ.