ಗಾಡಿಯೊಳಗೆ ಇನ್ನೊಬ್ಬ ಅತ್ತೆ

ಖಡಕ್ ರೊಟ್ಟಿಯನ್ನು ಊರಿಂದೂರಿಗೆ ಸಾಗಿಸುವುದಕ್ಕೆ ಹಳೆಯ ಚಾದರವೇ ಆಗಬೇಕು. ಹೊಸ ಚಾದರ ಜಾರುತ್ತದೆ, ಗೋಣಿತಾಟು ಒತ್ತುತ್ತದೆ; ತೊಳೆದು ತೊಳೆದು ಬಣ್ಣ ಕಳೆದುಕೊಂಡು ಮೆತ್ತಗಾದ ನಮ್ಮ ಸೊಲ್ಲಾಪುರದ ಚಾದರ ಮಾತ್ರ ಹಪ್ಪಳದಂಥ ಆ ಜೋಳದ ರೊಟ್ಟಿಯ ಅಂಚನ್ನು ಕೂಸಿನ ನೆತ್ತಿ ಹಿಡಿದಂತೆ ಹಿಡಿದುಕೊಳ್ಳುತ್ತದೆ. ಬುಟ್ಟಿಯ ತಳಕ್ಕೊಂದು ಮಡಿಕೆ, ನಡುವೆ ರೊಟ್ಟಿಯ ಅಡಕಲು, ಸುತ್ತ ಇನ್ನೊಂದು ಮಡಿಕೆ. ನೀವು ಎಂದಾದರೂ ಅಕ್ಕಲಕೋಟೆಯ ಖಾನಾವಳಿಯಲ್ಲಿ ಕೂತು, ತುಂಬುಗಾಯಿ ಪಲ್ಯದ ಜೊತೆ ಖಡಕ್ ರೊಟ್ಟಿಯನ್ನು ಪಟ್ಟೆಂದು ಮುರಿದಿದ್ದರೆ, ಅದು ಅಲ್ಲಿಯವರೆಗೆ ಮುರಿಯದೆ ಹೇಗೆ ಬಂತೆಂದು ಯೋಚಿಸಿರಲಿಕ್ಕಿಲ್ಲ. ಯೋಚಿಸಬೇಕಾಗಿಯೂ ಇಲ್ಲ. ಅದು ನನ್ನ ಕೆಲಸ.

ಸೊಲ್ಲಾಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಅಂಗಡಿಯ ಗಾದಿಯ ಮೇಲೆ ನಮ್ಮವರು ಮತ್ತು ಮೈದುನ ಶಿವಾನಂದ ಕೂರುತ್ತಾರೆ. ರೊಟ್ಟಿ ಮತ್ತು ಶೇಂಗಾ ಚಟ್ನಿಯ ವ್ಯವಹಾರ ನನ್ನದು. ಹೋಟಗಿಯಲ್ಲಿ ಕೆಲವು ಮನೆಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಇಟ್ಟಿರುತ್ತಾರೆ. ಅವನ್ನು ತುಂಬಿಕೊಂಡು ಅಕ್ಕಲಕೋಟೆಗೆ ಮುಟ್ಟಿಸಿ ಬರುವುದು, ಅದೂ ನಾನೇ ಗಾಡಿ ಓಡಿಸಿಕೊಂಡು. ಮದುವೆಯಾಗಿ ಬಂದಾಗ ಸೈಕಲ್ಲೂ ಬಾರದಿದ್ದವಳು ಹಳೆಯ ಪಿಕಪ್ಪಿನಲ್ಲಿ ಗೇರು ಹಾಕಲು ಕಲಿತದ್ದು ಒಂದು ದೊಡ್ಡ ಕಥೆ, ಅದನ್ನು ಹೇಳುವುದಿಲ್ಲ. ಇಷ್ಟು ಹೇಳಿದರೆ ಸಾಕು: ನಾನು ಹೇಗೆ ಗಾಡಿ ಓಡಿಸುತ್ತೇನೆಂಬುದನ್ನು ಇಷ್ಟು ವರ್ಷ ರೊಟ್ಟಿಯೇ ಹೇಳುತ್ತಿತ್ತು. ಖಾನಾವಳಿಯವರು ಚಾದರ ಬಿಚ್ಚಿ, ಚೂರುಗಳನ್ನು ಒಂದು ಬೊಗಸೆಯಲ್ಲಿ ಹಿಡಿದು, ‘ಇವತ್ ಇಷ್ಟರಿ ಬಾಯಾರ’ ಎಂದು ತೋರಿಸುತ್ತಿದ್ದರು. ಬೊಗಸೆ ತುಂಬಿದ್ದನ್ನು ನಾನು ಕಂಡಿರಲಿಲ್ಲ.

ಆ ಹಳೆಯ ಗಾಡಿಗೆ ವಯಸ್ಸಾಯಿತು. ಹೊಸ ಪಿಕಪ್ಪು ಬಂತು. ಹಿಂದೆ ಸಾಮಾನಿನ ತೊಟ್ಟಿ, ಮುಂದೆ ಕಾರಿನಂತೆ ಮೆತ್ತನೆಯ ಆಸನ, ಎದುರಿಗೆ ಟೀವಿಯಂಥ ಪರದೆ, ಮತ್ತು ಚಾಲಕರಿಗೆ ನಾನಾ ಬಗೆಯ ಸಹಾಯ. ಎದುರಿಗೆ ಏನಾದರೂ ಬಂದರೆ ಗಾಡಿ ತಾನೇ ಬ್ರೇಕು ಹಾಕುತ್ತದಂತೆ. ಬಿಳಿಗೆರೆ ದಾಟಿದರೆ ತಾನೇ ಸ್ಟಿಯರಿಂಗ್ ತಿರುಗಿಸುತ್ತದಂತೆ. ನಿದ್ದೆ ಬಂದರೆ ಕಣ್ಣು ನೋಡಿ ಎಬ್ಬಿಸುತ್ತದಂತೆ. ಶೋರೂಮಿನಲ್ಲಿ ಇದನ್ನೆಲ್ಲ ಕೇಳುವಾಗ ನಮ್ಮವರ ಮುಖದಲ್ಲಿ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದಾಗಿನ ಬೆಳಕಿತ್ತು.

ಪೂಜೆಯ ದಿನ ನಮ್ಮ ಅತ್ತೆ, ಎಂಬತ್ತರ ಹತ್ತಿರದ ಹೆಣ್ಣುಜೀವ, ಮೊಣಕಾಲು ಹಿಡಿದುಕೊಂಡು ಸ್ಟೂಲು ಹತ್ತಿ, ಮುಂದಿನ ಗಾಜಿನ ಮೇಲಂಚಿನಲ್ಲಿದ್ದ ಕಪ್ಪು ಗುಂಡನ್ನು ಗಾಡಿಯ ಹಣೆ ಎಂದು ತಿಳಿದು, ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ನಮಗೂ ಅದು ಹಣೆಯಂತೆಯೇ ಕಂಡಿತು. ಅದು ಕಣ್ಣು ಎಂದು ಯಾರು ಹೇಳಬೇಕು?

ಮೊದಲ ವಾರವೇ ಕಿರುಕುಳ ಶುರುವಾಯಿತು. ಹೋಟಗಿಯ ರಸ್ತೆಯಲ್ಲಿ ಹಳೆಯ ಬಿಳಿಗೆರೆ ಅರ್ಧ ಅಳಿಸಿದೆ, ಹೊಸದನ್ನು ಅದರ ಬದಿಗೆ ಎಳೆದಿದ್ದಾರೆ. ನಾನು ಹೊಸದನ್ನು ನಂಬಿದರೆ ಗಾಡಿ ಹಳೆಯದನ್ನು ನಂಬುತ್ತದೆ, ನಂಬಿ ಸುಮ್ಮನಿರದೆ ನನ್ನ ಕೈಯೊಳಗಿನ ಸ್ಟಿಯರಿಂಗನ್ನು ಹಟಮಾರಿ ಎಮ್ಮೆಕರುವಿನಂತೆ ಜಗ್ಗುತ್ತದೆ. ಊರಂಚಿನ ಹನುಮಪ್ಪನ ಗುಡಿ ಬಂದಾಗ ಈ ದಾರಿಯಲ್ಲಿ ಓಡಾಡುವ ಎಲ್ಲರ ಬಲಗೈ ಎದೆಗೆ ಹೋಗುತ್ತದೆ, ರೆಪ್ಪೆ ಒಂದು ಗಳಿಗೆ ಬಾಗುತ್ತದೆ. ನನ್ನದೂ ಹೋಯಿತು, ಬಾಗಿತು. ಕೂಡಲೇ ಗಂಟೆ ಬಾರಿಸಿ, ಪರದೆಯ ಮೇಲೆ ಹಬೆಯಾಡುವ ಚಹಾದ ಕಪ್ಪಿನ ಚಿತ್ರ ಮೂಡಿಸಿ, ಒಬ್ಬ ಹೆಣ್ಣುಮಗಳ ದನಿಯಲ್ಲಿ ನನಗೆ ನಿದ್ದೆ ಬಂದಿದೆಯೆಂದು ಹಿಂದಿಯಲ್ಲಿ ತಿಳಿಸಲಾಯಿತು. ಭಕ್ತಿಗೂ ತೂಕಡಿಕೆಗೂ ವ್ಯತ್ಯಾಸ ತಿಳಿಯದ ಈ ಜಾಣೆ ನನ್ನ ಕಣ್ಣಿನ ಪರೀಕ್ಷೆಗೆ ಕೂತಿದ್ದಾಳೆ! ಮನೆಯಲ್ಲಿ ಎರಡು ಸಲ ಚಹಾ ಕುಡಿದೇ ಹೊರಟಿದ್ದೇನೆ ತಾಯಿ ಎಂದು ಯಾರಿಗೆ ಹೇಳಲಿ.

ಅಂದು ಅತ್ತೆಯೂ ಜೊತೆಗಿದ್ದರು, ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆಂದು. ಆ ದನಿ ಕೇಳಿ ಸುತ್ತ ನೋಡಿದರು.

‘ಶೈಲಾ, ಒಳಗ ಇನ್ನೊಬ್ಬಾಕಿ ಅತ್ತಿ ಕುಂತಾಳಲ್ಲ ಇವ್ವಾ! ನಾ ಸುದ್ದಾ ನಿನಗ ಇಷ್ಟ ಅಂದಿಲ್ಲ.’

‘ನೀವೂ ಅಂದೀರಿ, ಅತ್ತಿ.’

‘ಅಂದಿರಬೇಕು. ಆದ್ರ ನೀ ರೊಟ್ಟಿ ಬಡಿಯಾಗ ನಾ ಬಂದು ಕೈ ಹಿಡದ್ ಜಗ್ಗೀನೇನು?’

ನಗುತ್ತಲೇ ಹೇಳಿದ ಮಾತು ನನ್ನೊಳಗೆ ಕೂತುಬಿಟ್ಟಿತು. ರೊಟ್ಟಿ ಕಲಿಸುವ ಕ್ರಮವನ್ನು ನೀವು ಕಂಡಿರಬಹುದು. ಹೊಸಬಳು ಹಿಟ್ಟು ಹರಿಯುತ್ತಾಳೆ, ದಪ್ಪ ಮಾಡುತ್ತಾಳೆ. ಹಿರಿಯಳು ಬಾಯಲ್ಲಿ ಏನೆಲ್ಲ ಅನ್ನುತ್ತಾಳೆ, ಬೇಕಾದರೆ ಹಿಟ್ಟನ್ನೇ ಕಸಿದುಕೊಂಡು ತಾನೇ ಬಡಿಯುತ್ತಾಳೆ, ಆದರೆ ಬಡಿಯುವ ಕೈಯ ಕೆಳಗೆ ತನ್ನ ಕೈ ತೂರಿಸುವುದಿಲ್ಲ. ತೂರಿಸಿದರೆ ರೊಟ್ಟಿಯೂ ಕೆಡುತ್ತದೆ, ಕೈಯೂ ಕೆಡುತ್ತದೆ. ಒಂದು ರೊಟ್ಟಿಗೆ ಒಬ್ಬರ ಕೈ. ಇಷ್ಟು ಮರ್ಯಾದೆ ಒಲೆಯ ಮುಂದೆ ಇದೆ. ಇಷ್ಟೆಲ್ಲ ಓದಿದವರು ಕಟ್ಟಿದ ಗಾಡಿಯಲ್ಲಿ ಇಲ್ಲ. ಸಹಾಯ ಎಂಬ ಮಾತಿನ ಹೊಟ್ಟೆಯಲ್ಲಿ ‘ಹಾಯ’ ಎಂಬುದೂ ಅಡಗಿದೆ ಎಂದು ನನಗೆ ಹೊಳೆದದ್ದು ಆಗಲೇ. ಎತ್ತು ಹಾಯುತ್ತದಲ್ಲ, ಆ ಹಾಯುವಿಕೆ.

ಹೋಟಗಿ ದಾಟಿದ ಮೇಲೆ ಅದು ಹಾಯ್ದೇಬಿಟ್ಟಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ಹೋಗುತ್ತಿತ್ತು, ಸಾಕಷ್ಟು ದೂರದಲ್ಲಿ; ಎರಡು ಟ್ರಾಲಿ, ಮದುವಣಗಿತ್ತಿಯ ಹೆರಳಿನಂತೆ ಇಳಿಬಿದ್ದ ಕಬ್ಬಿನ ಸೋಗೆ. ಗಾಳಿಗೆ ಆ ಸೋಗೆ ಒಮ್ಮೆ ಇತ್ತ ಬೀಸಿತು. ಗಾಡಿ ಕಿರುಚಿ, ನನ್ನ ಕಾಲನ್ನು ಕೇಳದೆ, ನಡುರಸ್ತೆಯಲ್ಲಿ ಬ್ರೇಕು ಒತ್ತಿತು. ಅತ್ತೆಯ ತಲೆ ಮುಂದಕ್ಕೆ ಹೋಗಿ ಬಂತು. ಹಿಂದೆ ಬುಟ್ಟಿಗಳು ಒಂದರ ಮೇಲೊಂದು ಉರುಳಿದ ಸದ್ದು. ಅಕ್ಕಲಕೋಟೆಯಲ್ಲಿ ಚಾದರ ಬಿಚ್ಚಿದಾಗ ಬೊಗಸೆ ಸಾಲದೆ ಖಾನಾವಳಿಯವರು ಪರಾತ ತಂದರು. ಹೋಟಗಿಯ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ, ನುಚ್ಚಿನ ಹಾಗೆ. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಶೋರೂಮಿಗೆ ಹೋದೆ. ಟೈ ಕಟ್ಟಿದವನೊಬ್ಬ ಬಂದು ಗಾಜು ನೋಡಿ, ಕಾರಣ ಸಿಕ್ಕಿತೆಂಬ ಸಂತೋಷದಲ್ಲಿ ಮರಾಠಿಯಲ್ಲಿ ನಕ್ಕ. ಇಲ್ಲಿ ವಿಭೂತಿ ಹಚ್ಚಿದ್ದೀರಿ ಮೇಡಂ, ಇದು ಕ್ಯಾಮೆರಾ, ಇನ್ನೇನಾಗುತ್ತದೆ ಎಂದ. ತಪ್ಪು ನಮ್ಮದೇ ಎಂದು ತಲೆಬಾಗಿಸಿ ಒರೆಸಿದೆ. ಮನೆಗೆ ಬಂದು ಹೇಳಿದರೆ ಅತ್ತೆ, ‘ನನ್ನ ಇಭೂತಿಲಿಂದ ಹಿಂಗಾತೇನವ್ವಾ?’ ಎಂದು ಕೇಳಿ, ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮರುದಿನ ಕನ್ನಡಿಯಂಥ ಗಾಜಿನಲ್ಲಿ, ಅದೇ ರಸ್ತೆಯಲ್ಲಿ, ಸೇತುವೆಯ ನೆರಳು ಕಂಡು ಗಾಡಿ ಮತ್ತೆ ಬ್ರೇಕು ಒತ್ತಿತು. ಮತ್ತೆ ಹೋದೆ. ಈಗ ಧೂಳು ಎಂದ. ಆಮೇಲೆ ಬಿಸಿಲು ಎಂದ, ಆಮೇಲೆ ರಸ್ತೆಯ ಗೆರೆ ಸರಿಯಿಲ್ಲ ಎಂದ, ಕಬ್ಬಿನವರು ನಿಯಮ ಮೀರಿ ಹೇರುತ್ತಾರೆ ಎಂದ. ಎಲ್ಲ ಮುಗಿದ ಮೇಲೆ, ‘ಗಾಡಿ ಇನ್ನೂ ಕಲಿಯಾಕತ್ತದರಿ ಮೇಡಂ, ನಿಮಗೂ ರೂಢಿ ಆಗ್ಬೇಕು’ ಎಂದು ನಮ್ಮ ಮಾತಿನಲ್ಲೇ ಸಮಾಧಾನ ಹೇಳಿದ. ಅಲ್ಲಪ್ಪ, ಸೊಲ್ಲಾಪುರದ ಬಿಸಿಲು, ಅಕ್ಕಲಕೋಟೆಯ ಧೂಳು, ಕಬ್ಬು, ವಿಭೂತಿ ಇವೆಲ್ಲ ನಿಮ್ಮ ಗಾಡಿ ಬಂದ ಮೇಲೆ ಹುಟ್ಟಿದವೇ? ಇಲ್ಲಿ ಮಾರುವಾಗ ಈ ಊರು ಹೀಗಿದೆಯೆಂದು ಕಣ್ಣಿಗೆ ಬೀಳಲಿಲ್ಲವೇ? ಕಲಿಯುವುದಾದರೆ ಖಾಲಿ ಮೈದಾನದಲ್ಲಿ ಕಲಿಯಲಿ. ನಾನೂ ಅಲ್ಲಿಯೇ ಕಲಿತದ್ದು. ನಮ್ಮ ಅತ್ತೆಯ ಕುತ್ತಿಗೆಯ ಮೇಲೆ ಕಲಿಯುವುದೇ?

ಈ ಸಹಾಯಗಳನ್ನು ಬಂದ್ ಮಾಡುವುದಕ್ಕೂ ಬರುತ್ತದೆ. ಆದರೆ ಕೀಲಿ ತಿರುಗಿಸಿದಾಗಲೆಲ್ಲ ಅವು ಮತ್ತೆ ತಾವಾಗಿ ಎದ್ದು ಕೂರುತ್ತವೆ. ಪ್ರತಿ ಮನೆಯ ಮುಂದೆ ನಿಲ್ಲಿಸಿ ರೊಟ್ಟಿ ತುಂಬುವವಳು ಪ್ರತಿ ಸಲ ಪರದೆ ಮೀಟುತ್ತ ಕೂರಬೇಕು. ಒಮ್ಮೆ ಮರೆತರೆ ಮುಗಿಯಿತು. ಸುಳ್ಳು ಹೇಳಬಾರದು, ಒಂದು ಸಲ ಗಾಡಿ ಹಿಂದೆ ಸರಿಸುವಾಗ ಚಕ್ರದ ಬಳಿ ಮಲಗಿದ್ದ ನಾಯಿಯನ್ನು ಅದೇ ಕೂಗಿ ತಿಳಿಸಿತು. ಆ ಉಪಕಾರವನ್ನು ಮರೆತಿಲ್ಲ. ನನ್ನ ಸಂಕಟ ಹೆಚ್ಚಿದ್ದೂ ಅದರಿಂದಲೇ. ಯಾವಾಗಲೂ ಸುಳ್ಳು ಹೇಳುವವರ ಜೊತೆ ಬಾಳುವೆ ಮಾಡಬಹುದು, ಅವರ ಮಾತಿಗೆ ಕಿವಿ ಮುಚ್ಚಿದರಾಯಿತು. ಹತ್ತು ಸಲ ಸುಳ್ಳು ಹೇಳಿ ಹನ್ನೊಂದನೆಯ ಸಲ ನಿಜ ಹೇಳುವವರ ಜೊತೆ ಏಗುವುದು ಹೇಗೆ? ಕಿವಿ ತೆರೆದರೂ ಭಯ, ಮುಚ್ಚಿದರೂ ಭಯ.

ಇದನ್ನೂ ಸಹಿಸುತ್ತಿದ್ದೆ. ಆದರೆ ಗಾಡಿ ನನ್ನ ಮೇಲೆ ಚಾಡಿ ಹೇಳತೊಡಗಿತು. ನಮ್ಮವರ ಹೆಸರಿನಲ್ಲಿ ಕೊಂಡ ಗಾಡಿಯಾದ್ದರಿಂದ, ನಾನು ಮನೆ ಮುಟ್ಟುವ ಮೊದಲೇ ಅವರ ಮೊಬೈಲಿಗೆ ನನ್ನ ಅಂಕಪಟ್ಟಿ ಮುಟ್ಟುತ್ತಿತ್ತು: ಗಕ್ಕನೆ ಬ್ರೇಕು ಹಾಕಿದರು, ಗೆರೆ ತಪ್ಪಿದರು, ತೂಕಡಿಸಿದರು, ಹತ್ತಕ್ಕೆ ನಾಲ್ಕು. ಬ್ರೇಕು ಹಾಕಿದ್ದು ಅದು, ಅಂಕ ಕಳೆದದ್ದು ನನ್ನದು! ಅಂಗಡಿಯ ಗಾದಿಯ ಮೇಲೆ ಅಣ್ಣತಮ್ಮ ಇಬ್ಬರೂ ಆ ಮೊಬೈಲಿನ ಮೇಲೆ ಬಗ್ಗಿದ್ದನ್ನು ಒಂದು ಸಂಜೆ ನಾನೇ ಕಂಡೆ.

‘ವೈನಿ, ಸಿಟ್ಟಾಗಬ್ಯಾಡ್ರಿ,’ ಎಂದ ಶಿವಾನಂದ. ‘ವಯಸ್ಸು ಎಲ್ಲಾರಿಗೂ ಆಗ್ತದ. ತಡವಳದಾಗ ಒಬ್ಬ ಡ್ರೈವರ್ ಅದಾನ, ಸೋಮವಾರಲಿಂದ ಬಾ ಅಂದೀನಿ. ನೀವು ಮನ್ಯಾಗ ಕುಂತು ಆರಾಮ ಹಿಸಾಬ ನೋಡ್ರಿ.’

‘ನಾ ಆರಾಮ ಇಲ್ಲಂತ ನಿನಗ ಯಾರ್ ಹೇಳಿದ್ರೋ?’

‘ಗಾಡಿನೇ ಹೇಳ್ತದಲ್ಲರಿ ವೈನಿ.’

ನಮ್ಮವರ ಕಡೆ ನೋಡಿದೆ. ಅವರು ತಕ್ಕಡಿಯ ಬಟ್ಟಲು ಒರೆಸುತ್ತ, ‘ಮಷೀನ್ ಯಾಕ ಸುಳ್ಳ ಹೇಳತದ ಶೈಲಾ?’ ಎಂದರು, ಮೆತ್ತಗೆ. ಇಷ್ಟು ವರ್ಷ ನನ್ನ ಕೈಯ ಅಡುಗೆ ಉಂಡವರು, ನಾನು ಓಡಿಸುವ ಗಾಡಿಯಲ್ಲಿ ಪಕ್ಕಕ್ಕೆ ಕೂತು ಗೊರಕೆ ಹೊಡೆದವರು. ನನ್ನ ಮಾತು ಒಂದು ಕಡೆ, ನಿನ್ನೆ ಮೊನ್ನೆ ಬಂದ ಕಬ್ಬಿಣದ ಮಾತು ಒಂದು ಕಡೆ, ತೂಗಿ ನೋಡಿ ಕಬ್ಬಿಣವೇ ಭಾರ ಎಂದುಬಿಟ್ಟರು.

‘ಸೋಮವಾರ ಆಗೂತನಕ ನಾನೇ ಹೋಗ್ತೀನಿ,’ ಎಂದೆ. ‘ನಾಳಿಗಿ ನೀವೂ ಬರ್ರಿ. ಬಾಜೂಕ ಕುಂದರ್ರಿ. ಮೊಬೈಲ್ ನೋಡಬ್ಯಾಡ್ರಿ, ನನ್ನ ಕಾಲು ನೋಡ್ರಿ.’

ಬಂದರು. ಹೋಟಗಿಯಲ್ಲಿ ರೊಟ್ಟಿ ತುಂಬಿಕೊಂಡು ಹೊರಟೆವು. ಪರದೆಯ ಯಾವ ಗುಂಡಿಯನ್ನೂ ನಾನು ಬಂದ್ ಮಾಡಲಿಲ್ಲ. ನನ್ನ ಮೇಲೆ ಚಾಡಿ ಹೇಳುವವಳು ಅವರ ಎದುರಿಗೇ ಹೇಳಲಿ ಎಂದು. ತಪ್ಪು ಹಿಡಿಯಬೇಕೆಂದೇ ಬಂದವರ ಹಾಗೆ ಅವರು ನನ್ನ ಬಲಗಾಲಿನ ಮೇಲೆ ಕಣ್ಣಿಟ್ಟಿದ್ದರು. ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ಹೊಲದ ದಾರಿಗೆ ಹೊರಳಿತು, ಪೂರ್ತಿ ರಸ್ತೆ ಬಿಟ್ಟು ಇಳಿಯಿತು, ಸೋಗೆಯ ತುದಿ ಮಾತ್ರ ಈಚೆಗೆ ತೂಗಿತು. ಅಷ್ಟೇ. ಗಾಡಿ ಕಿರುಚಿ ನೆಲ ಕಚ್ಚಿ ನಿಂತಿತು.

ಹಿಂದೆ ಒಂದು ಮೋಟರ್‌ಸೈಕಲ್ ಬರುತ್ತಿತ್ತು, ಗಂಡ, ಹೆಂಡತಿ, ಅವಳ ತೊಡೆಯ ಮೇಲೆ ಸಣ್ಣ ಹುಡುಗಿ. ನಮಗೆ ಬಡಿಯುವುದನ್ನು ತಪ್ಪಿಸಲು ಆತ ರಸ್ತೆ ಬದಿಗೆ ಎಳೆದುಕೊಂಡ, ಬೈಕು ಮಣ್ಣಿನಲ್ಲಿ ಜಾರಿ ಮೂವರೂ ಮಗ್ಗುಲಿಗೆ ಬಿದ್ದರು. ಮಣ್ಣು ಮೆತ್ತಗಿತ್ತು, ದೇವರು ದೊಡ್ಡವನು. ಹೆಂಗಸಿನ ಮೊಣಕಾಲು ತರಚಿತ್ತು, ಹುಡುಗಿ ಹೆದರಿ ಅಳುತ್ತಿತ್ತು. ನಾನು ನೀರಿನ ಬಾಟಲಿ ಹಿಡಿದು ಓಡಿದೆ. ಆತ ಎದ್ದು ಬಂದವನೇ ನಮ್ಮ ಗಾಡಿಯ ಬಾಗಿಲಿಗೆ ಗುದ್ದಿ, ನನ್ನ ಕಡೆ ತಿರುಗಿದ.

‘ಬಾಯಾರ, ಗಾಡಿ ಬರಂಗಿಲ್ಲಂದ್ರ ರೋಡಿಗಿ ಯಾಕ ತರ್ತೀರಿ? ಎದುರಿಗಿ ನರಪಿಳ್ಳಿ ಇಲ್ಲ, ಯಾವ ಸುಖಕ್ಕ ಬ್ರೇಕ್ ಹೊಡದ್ರಿ?’

ನಮ್ಮವರು ಇಳಿದು ಕೈ ಮುಗಿದರು. ‘ತಪ್ಪಾತಪ್ಪಾ. ಹೆಣ್ಣಮಗಳು, ಹೊಸಾ ಗಾಡಿ...’ ಎಂದು ಶುರುಮಾಡಿದ ಮಾತನ್ನು ಅರ್ಧಕ್ಕೇ ಬಿಟ್ಟರು. ನನ್ನನ್ನು ನೋಡಿದರು. ಮುಗಿದ ಕೈ ಹಾಗೇ ಕೆಳಗಿಳಿಯಿತು.

‘ಇಲ್ಲ,’ ಎಂದರು. ‘ಆಕಿ ಹೊಡದಿಲ್ಲ. ನಾ ಆಕೀ ಕಾಲೇ ನೋಡ್ಕೋತ ಬಂದೀನಿ.’

‘ಮತ್ತ ಯಾರ್ ಹೊಡದ್ರು? ದೇವ್ರೇನು?’

‘ಗಾಡಿ.’

‘ಹಂಗಾರ ಗಾಡೀನ ಕೆಳಗ ಇಳಸ್ರಿ, ಅದಕ್ಕ ಬೈತೀನಿ!’

ಆತನ ಹೆಂಡತಿ, ‘ಸಾಕ್ ಬಿಡ್ರಿ, ಹುಡುಗಿ ಅಳಾಕತ್ತದ’ ಎಂದು ಕರೆದಳು. ಅವಳ ಮೊಣಕಾಲಿನ ಮಣ್ಣು ತೊಳೆಯುತ್ತ ನಾನು ಆ ಮಾತನ್ನೇ ನೆನೆಯುತ್ತಿದ್ದೆ. ಗಾಡಿಯನ್ನು ಕೆಳಗಿಳಿಸುವುದು ಹೇಗೆ? ಅದರ ಜೊತೆ ಕೊಟ್ಟ ದಪ್ಪ ಪುಸ್ತಕದ ಕೊನೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ಏನೇ ಆದರೂ ಹೊಣೆ ಓಡಿಸುವವರದೇ ಎಂದು ಬರೆದಿದ್ದಾರೆ. ಬ್ರೇಕು ಒತ್ತುವ ಕಾಲು ಅವರದು, ಬೈಗುಳ ನಮ್ಮದು. ಬುದ್ಧಿ ಅವರದು, ಕೈ ಮುಗಿಯುವುದು ನಾವು. ಆ ಹುಡುಗಿಯ ತಲೆ ಕಲ್ಲಿಗೆ ಬಡಿದಿದ್ದರೆ ಪೊಲೀಸರ ಮುಂದೆ ನಿಲ್ಲುತ್ತಿದ್ದವಳು ನಾನು. ಶೋರೂಮಿನ ಟೈ ಅಲ್ಲ, ಹಿಂದಿಯ ಆ ದನಿಯೂ ಅಲ್ಲ. ಇಂಥದಕ್ಕೆ ಸುರಕ್ಷೆ ಎಂದು ಹೆಸರಿಟ್ಟವರ ನಾಲಿಗೆಗೆ ಏನನ್ನಬೇಕು?

ಅವರು ಹೋದ ಮೇಲೆ ನಮ್ಮವರು ಮೊಬೈಲು ತೆಗೆದು ತಮ್ಮನಿಗೆ ಹಚ್ಚಿದರು. ಬದಿಗೆ ಹೋಗಿ ಮಾತಾಡಹೊರಟವರನ್ನು ನಾನು ತಡೆದೆ.

‘ಇಲ್ಲೇ ಮಾತಾಡ್ರಿ. ನನಗ ಕೇಳೂಹಂಗ.’

ಸ್ಪೀಕರಿಗೆ ಹಾಕಿದರು. ‘ಶಿವು, ಆ ಡ್ರೈವರ್‌ಗ ಬ್ಯಾಡಂತ ಹೇಳು.’

‘ಯಾಕಣ್ಣಾ? ವೈನಿ ಭಾಳ ಸಿಟ್ಟಿಗೆದ್ದಾರೇನು?’

ನಮ್ಮವರು ರಸ್ತೆಯ ಮೇಲೆ ಮೂಡಿದ್ದ ಟೈರಿನ ಕರಿಗೆರೆಯನ್ನು ನೋಡಿದರು, ಆಮೇಲೆ ನನ್ನನ್ನು.

‘ಎದ್ದಾಳ,’ ಎಂದರು. ‘ಸಿಟ್ಟು ಆಕೀದೇ ಅದ. ಬ್ರೇಕ್ ಆಕೀದಲ್ಲ.’