ಶಿವಶಂಕರಪ್ಪನವರು ಕಾರು ತೊಳೆಯುತ್ತಿದ್ದರು

ಊಟ ಮುಗಿಸಿ ಮಲಗಿದ್ದಾರೆಂದುಕೊಂಡಿದ್ದ ಗಂಡ ಕೋಣೆಯಲ್ಲಿಲ್ಲದ್ದು ಕಂಡು ವಿಮಲಾಕ್ಷಿ ಪಾರ್ಕಿಂಗಿಗೆ ಓಡಿದಳು. ಶಿವಶಂಕರಪ್ಪನವರು ಕಾರಿನ ಬಾನೆಟ್ಟಿನ ಮೇಲೆ ಬಗ್ಗಿ, ಪಾತ್ರೆ ಸೋಪು ಮೆತ್ತಿದ ಸ್ಟೀಲ್ ನಾರಿನಿಂದ ಗಸಗಸ ಉಜ್ಜುತ್ತಿದ್ದರು. ಬೆಳಿಗ್ಗೆಯಷ್ಟೇ ಅವರೇ ತೊಳೆದಿದ್ದ ಕಾರು ಅದು.

"ಏನ್ರೀ ಇದು! ಬೆಳಿಗ್ಗೆ ತೊಳೆದ್ರಲ್ಲ?"

"ಎಲ್ಲಿ ತೊಳ್ದೆ? ಭಾನುವಾರ ಒಂದಿನಾನೂ ತಪ್ಸಿಲ್ಲ ನಾನು," ಎಂದರು ಅವರು. ಅಂದು ಬುಧವಾರ.

ರಾಣೆಬೆನ್ನೂರಿನಿಂದ ಬಂದು, ಹಳೇ ಮದ್ರಾಸ್ ರಸ್ತೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಗುಣ ಪರೀಕ್ಷಿಸುವ ಕೆಲಸದಲ್ಲೇ ಅವರ ಸರ್ವಿಸು ಕಳೆದಿತ್ತು. ಕೂದಲೆಳೆಯಷ್ಟು ಗೀರು ಕಂಡರೂ ಮಾಲನ್ನು ವಾಪಸು ಕಳಿಸುತ್ತಿದ್ದ ಮನುಷ್ಯ. ನಿವೃತ್ತರಾಗಿ ಹೊರಮಾವಿನ ಈ ಫ್ಲ್ಯಾಟಿಗೆ ಬಂದ ಮೇಲೂ ಕಾರು ತೊಳೆಯುವುದನ್ನು ಇನ್ನೊಬ್ಬರ ಕೈಗೆ ಬಿಟ್ಟವರಲ್ಲ. ತಾನೂ ನಿವೃತ್ತಳಾಗುವ ತನಕ ಇನ್ಶೂರೆನ್ಸ್ ಆಫೀಸಿನ ಫೈಲುಗಳಲ್ಲಿ ಮುಳುಗಿದ್ದ ವಿಮಲಾಕ್ಷಿಗೆ ಅದರ ಗೊಡವೆಯೇ ಇರಲಿಲ್ಲ. ಗಂಡನಿಗೆ ಹಿಡಿದಿರುವುದು ಬರೀ ವಯಸ್ಸಿನ ಮರೆವಲ್ಲ, ದಿನದಿನಕ್ಕೂ ಏರುವ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಅವಳು ಕಾರಿನ ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. "ಗಾಡಿ ಓಡಿಸೋದು ಬೇಡ. ಆದ್ರೆ ಕೈಗೆ ಏನಾದ್ರೂ ಒಂದು ಕೆಲಸ ಇರ್ಲಿ," ಎಂದಿದ್ದರು ಡಾಕ್ಟರು. ಶಿವಶಂಕರಪ್ಪನವರ ಕೈಗೆ ಗೊತ್ತಿದ್ದ ಕೆಲಸ ಕಾರು ತೊಳೆಯುವುದೊಂದೇ ಆಗಿತ್ತು.

ತೊಳೆಯುವುದನ್ನು ನಿಲ್ಲಿಸಲು ಆಗುವುದಿಲ್ಲವೆಂದಾದ ಮೇಲೆ ತೊಳೆಯುವ ಸಾಮಾನನ್ನಾದರೂ ಬದಲಿಸೋಣವೆಂದು ಅವಳು ಹಲಸೂರಿನಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದಳು. ಅಂಗಡಿಯ ವಾಜಿದ್ ಗಲ್ಲಾಪೆಟ್ಟಿಗೆಯ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟ.

"ಪಾತ್ರೆ ಸೋಪು ಬೇಡವೇ ಬೇಡ ಅಮ್ಮಾ, ಹೊಳಪೆಲ್ಲ ಕಿತ್ಕೊಂಡ್ ಹೋಗುತ್ತೆ. ಇದು ನೋಡಿ, ಚೆನ್ನಾಗಿ ನೊರೆ ಬರುತ್ತೆ, ಘಮ ಅನ್ನುತ್ತೆ."

ಗುಲಾಬಿ ಬಣ್ಣದ ಶಾಂಪೂ. ವಿಮಲಾಕ್ಷಿ ಅದನ್ನು ಹಿಂದಕ್ಕೆ ಸರಿಸಿದಳು. "ಇದು ಬೇಡಪ್ಪ. ಶರಬತ್ತು ಅಂದ್ಕೊಂಡ್ಬಿಡ್ತಾರೆ."

ವಾಜಿದ್‌ಗೆ ಅರ್ಥವಾಗಲಿಲ್ಲ. ಅವಳು ಗಂಡನ ಕಾಯಿಲೆಯ ಬಗ್ಗೆ ಹೇಳಬೇಕಾಯಿತು. ಕೇಳಿಸಿಕೊಂಡ ಅವನು ಚಕ್ರ ತೊಳೆಯುವ ಆಸಿಡ್ಡಿನಂಥ ದ್ರಾವಣವನ್ನು ತಾನೇ ಎತ್ತಿ ಒಳಗಿಟ್ಟ.

"ಅಕಸ್ಮಾತ್ ಕುಡಿದ್ರೂ ಏನೂ ಆಗದೇ ಇರೋದು ಯಾವ್ದಿದೆ?" ಎಂದು ಕೇಳಿದಳು.

"ಹಂಗಿರೋದು ಯಾವ್ದೂ ಬರಲ್ಲ ಅಮ್ಮಾ," ಎಂದ ವಾಜಿದ್, ತನ್ನದೇ ತಪ್ಪೇನೋ ಎಂಬಂತೆ.

ಕೊನೆಗೆ ಬಣ್ಣವಿಲ್ಲದ, ವಾಸನೆಯೂ ಅಷ್ಟಿಲ್ಲದ ಒಂದು ಶಾಂಪೂ, ತುಪ್ಪುಳದಂತಹ ಮೆತ್ತನೆ ಬಟ್ಟೆಗಳು, ಎರಡು ಬಕೆಟ್ಟು ಹಿಡಿದು ಬಂದಳು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂವಿನಲ್ಲಿ ಅದ್ದಬೇಕು, ಇಲ್ಲದಿದ್ದರೆ ಬಟ್ಟೆಗಂಟಿದ ಮರಳೇ ಕಾರನ್ನು ಗೀರುತ್ತದೆ. ಬಚ್ಚಲು ತೊಳೆಯುವ ಆಸಿಡ್ಡು, ಸ್ಟೀಲ್ ನಾರುಗಳನ್ನೆಲ್ಲ ಬೀರುವಿಗೆ ಸೇರಿಸಿ ಬೀಗ ಹಾಕಿದಳು. ಮೊದಲ ದಿನವೇ ಅವರು ಅರ್ಧ ಬಾಟಲಿ ಶಾಂಪೂ ಸುರಿದುಬಿಟ್ಟರು. ನೊರೆ ಪಕ್ಕದ ಸ್ಕೂಟರುಗಳ ತನಕ ಹರಿಯಿತು. ಅಂದಿನಿಂದ ಒಂದು ಮುಚ್ಚಳದಷ್ಟನ್ನು ಅವಳೇ ಬೆರೆಸಿ ಕೊಡತೊಡಗಿದಳು. ಯಾವ ಬಕೆಟ್ಟು ಯಾವುದಕ್ಕೆಂದು ಅವರಿಗೆ ನೆನಪು ನಿಲ್ಲುತ್ತಿರಲಿಲ್ಲ. ಅವಳು ಪಕ್ಕದಲ್ಲೇ ನಿಂತು, "ಅದಲ್ಲ ರೀ, ಈ ಕಡೇದು," ಎನ್ನುವಳು. "ನಂಗೆ ಹೇಳ್ಕೊಡ್ತೀಯಾ ವಿಮಲಾ?" ಎಂದು ಅವರು ರೇಗುವರು. ಆದರೂ ಒಣಬಟ್ಟೆಯಿಂದ ಗಾಜು ಒರೆಸುವಾಗ ಅವರ ಮುಖದ ಗಂಟು ಸಡಿಲವಾಗುತ್ತಿತ್ತು. ಅಷ್ಟಕ್ಕಾಗಿ ಅವಳು ಉಳಿದದ್ದನ್ನೆಲ್ಲ ಸಹಿಸಿಕೊಂಡಳು.

ಆ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿದ್ದ ಅಸೋಸಿಯೇಷನ್ ಸೆಕ್ರೆಟರಿ ರಾಜಶೇಖರ ಮನೆ ಬಾಗಿಲಿಗೇ ಬಂದು ಕೈಮುಗಿದ.

"ಮೇಡಮ್, ಸರ್ ಪರಿಸ್ಥಿತಿ ನಂಗೆ ಗೊತ್ತು. ಆದ್ರೆ ಸ್ನಾನಕ್ಕೇ ನೀರಿಲ್ಲ, ಅವ್ರು ದಿನಾ ಕಾರ್ ತೊಳಿತಿದ್ರೆ ಉಳಿದವ್ರಿಗೆ ಏನ್ ಹೇಳ್ಲಿ?"

ಅವಳು ಮತ್ತೆ ಹಲಸೂರಿಗೆ ಹೋದಳು. ನೀರು ಹಾಕದೆ, ಸಿಂಪಡಿಸಿ ಒರೆಸಿದರೆ ಸಾಕು ಎನ್ನುವ ದ್ರಾವಣವನ್ನು ವಾಜಿದ್ ಕೊಟ್ಟ. ಶಿವಶಂಕರಪ್ಪನವರು ಅದನ್ನು ಒಮ್ಮೆ ಪುಸ್ ಎನಿಸಿ, "ಇದೇನು ಸೊಳ್ಳೆಗೆ ಹೊಡಿಯೋದಾ? ನೀರಿಲ್ದೆ ತೊಳಿಯೋದು ಅಂದ್ರೇನು?" ಎಂದು ಮೂಲೆಗೆಸೆದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅದೇ ಮಾತು. ಬೋರ್‌ವೆಲ್ ಬತ್ತಿದೆ ಎಂದು ಅವಳು ದಿನವೂ ಹೇಳುವಳು. ಅದು ಅವರಲ್ಲಿ ಸಂಜೆಯ ತನಕ ಉಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ಬೀರುವಿಗೆ ಬೀಗ ಹಾಕಿದ್ದು ಸರಿಯೇ, ಸಿಂಕಿನ ಬಳಿ ಕೆಲಸದವಳು ಬಿಟ್ಟುಹೋಗಿದ್ದ ನಾರು ಮಾತ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹೊರಗೆ ಬಂದು ನೋಡಿದರೆ ಬಾಗಿಲು ತೆರೆದಿದೆ, ಕುಡಿಯುವ ನೀರಿನ ಕ್ಯಾನಿಲ್ಲ. ಒದ್ದೆ ಕೂದಲಲ್ಲೇ ಕೆಳಗೆ ಧಾವಿಸಿದಳು. ಅವರ ಕಾರು ಇದ್ದ ಹಾಗೇ ಧೂಳು ಹೊತ್ತು ನಿಂತಿತ್ತು. ಅವರು ತಿಕ್ಕುತ್ತಿದ್ದದ್ದು ಪಕ್ಕದ ಕಾರನ್ನು, ಎದುರು ಫ್ಲ್ಯಾಟಿನ ಅಲಿಯಾ ಹೊಸದಾಗಿ ಕೊಂಡದ್ದನ್ನು. ಅದೂ ಬಿಳಿಯದೇ.

ಮಹದೇವಪುರದ ಆಫೀಸಿಗೆ ಹೊರಟು ಬ್ಯಾಗು ಹೆಗಲಿಗೇರಿಸಿಕೊಂಡು ಬಂದ ಅಲಿಯಾ ಲಿಫ್ಟಿನ ಬಾಗಿಲಲ್ಲೇ ನಿಂತುಬಿಟ್ಟಳು.

"ಅಂಕಲ್! ಏನ್ ಮಾಡ್ತಿದೀರಾ?"

"ತೊಳಿತಿದೀನಮ್ಮ," ಎಂದರು ಅವರು ಸಂತೋಷದಿಂದ. "ಎಷ್ಟು ಕೊಳೆ ನೋಡು, ಬಿಡ್ತಾನೇ ಇಲ್ಲ."

ಅಲಿಯಾಳ ಕಣ್ಣು ತುಂಬಿತು. ಬೈಯಲು ಬಾಯಿ ತೆರೆದವಳು ವಿಮಲಾಕ್ಷಿಯ ಮುಖ ನೋಡಿ ಸುಮ್ಮನಾದಳು. ಅವಳು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ವಿಮಲಾಕ್ಷಿಗೆ. ಅಂದು ಸಂಜೆ ವಾಜಿದ್‌ನಿಂದ ಪಾಲಿಶ್ ತಂದು, ಅಲಿಯಾಳ ಅಪ್ಪಣೆ ಪಡೆದು, ಸ್ಪಂಜಿನಿಂದ ವೃತ್ತವೃತ್ತವಾಗಿ ತಿಕ್ಕಿದಳು. ಸಣ್ಣ ಗೀರುಗಳು ಮಸುಕಾದವು. ಉಗುರು ಆಡಿಸಿದರೆ ಸಿಕ್ಕುವಷ್ಟು ಆಳದ ಗೀರನ್ನು ಯಾವ ಪಾಲಿಶೂ ತೆಗೆಯುವುದಿಲ್ಲ ಎಂದು ವಾಜಿದ್ ಮೊದಲೇ ಹೇಳಿದ್ದ. ಅವಳ ಉಗುರು ಹೆಜ್ಜೆಹೆಜ್ಜೆಗೂ ಸಿಕ್ಕಿತು. ತೋಳು ಸೋಲುವ ತನಕ ತಿಕ್ಕಿದಳು.

"ಬಿಡಿ ಆಂಟಿ, ನಾನು ಪೇಂಟ್ ಮಾಡಿಸ್ಕೋತೀನಿ," ಎಂದಳು ಅಲಿಯಾ. ಮಾರನೆಯ ದಿನದಿಂದ ಅವಳು ಕಾರನ್ನು ಹೊರಗೆ ರಸ್ತೆಯಲ್ಲೇ ನಿಲ್ಲಿಸತೊಡಗಿದಳು.

ವಿಮಲಾಕ್ಷಿ ಮನೆಗೆ ಒಳಗಿನಿಂದ ಬೀಗ ಹಾಕಲು ಶುರು ಮಾಡಿದಳು. ಅವರು ಚಿಲಕ ಅಲುಗಿಸುವರು, ಬೇಡುವರು, ಒಮ್ಮೊಮ್ಮೆ ಅಳುವರು. ಮೊದಲ ಮಳೆ ಬಂದು ನೀರಿನ ಕಷ್ಟ ತುಸು ತಗ್ಗಿದಾಗ ರಾಜಶೇಖರನೇ ಬಂದು, ವಾರಕ್ಕೊಮ್ಮೆ ಎರಡು ಬಕೆಟ್ಟು ಪರವಾಗಿಲ್ಲ ಎಂದ. ಭಾನುವಾರ ಅವಳು ಹುರುಪಿನಿಂದಲೇ ಶಾಂಪೂ ಬೆರೆಸಿ, ಬಟ್ಟೆಗಳನ್ನು ಮಡಿಸಿಟ್ಟು, ಗಂಡನ ಕೈ ಹಿಡಿದು ಕೆಳಗೆ ಕರೆತಂದಳು.

ಅವರು ಕಾರನ್ನು ಒಂದು ಸುತ್ತು ನೋಡಿದರು. "ಯಾರದ್ದಿದು?"

"ನಮ್ದೇ ರೀ. ತೊಳೀರಿ."

"ನಮ್ಮನೇಲಿ ಕಾರೆಲ್ಲಿದೆ? ಬೇರೆಯವ್ರ ವಸ್ತು ಮುಟ್ಬಾರ್ದು," ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಬಟ್ಟೆಯನ್ನು ಅವರ ಕೈಗೆ ತುರುಕಿ ನೋಡಿದಳು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಮರ್ಯಾದೆಯಿಂದ ಹಿಂತಿರುಗಿಸಿದರು. ಈ ತೊಳೆಯುವ ಚಟ ಹೇಗಾದರೂ ನಿಂತರೆ ಸಾಕೆಂದು ಅವಳು ದೇವರಿಗೆ ಹರಸಿಕೊಂಡಿದ್ದುಂಟು. ಈಗ ನಿಂತಿತ್ತು. ಬಕೆಟ್ಟಿನ ನೊರೆ ಒಡೆಯುತ್ತಾ ಇಳಿಯಿತು. ಆಮೇಲೆ ಅವಳು ಆ ಶಾಂಪೂ ನೀರನ್ನು ಗಿಡಕ್ಕೂ ಹಾಕಲಾಗದೆ ಚರಂಡಿಗೆ ಚೆಲ್ಲಿದಳು.

ಕಾರನ್ನು ಕೆ.ಆರ್. ಪುರದವರೊಬ್ಬರು ಕೊಂಡರು. ಅವರು ಬಂದು ಒಯ್ಯುವಾಗ ಬಾನೆಟ್ಟಿನ ಗೀರುಗಳ ಮೇಲೆ ಬೆರಳಾಡಿಸಿ, "ಯಾರೋ ತೊಳೆಯಕ್ಕೆ ಬರದೇ ಇರೋರು ತೊಳ್ದಿದಾರೆ," ಎಂದರು. ವಿಮಲಾಕ್ಷಿ ಹೂಂಗುಟ್ಟಿದಳು. ಪಕ್ಕದಲ್ಲಿದ್ದ ಶಿವಶಂಕರಪ್ಪನವರು ನೆಂಟರನ್ನು ಬೀಳ್ಕೊಡುವಂತೆ ಕೈ ಬೀಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, "ಒಳ್ಳೆ ಜನ. ಕಾಫಿ ಕೊಟ್ಯಾ ಅವ್ರಿಗೆ?" ಎಂದು ಕೇಳಿದರು.

"ಕೊಟ್ಟೆ ರೀ," ಎಂದು ಅವಳು ಅವರ ತೋಳು ಹಿಡಿದು ಲಿಫ್ಟಿನ ಕಡೆ ನಡೆಸಿದಳು.