ಕಪ್ಪು-ಬಿಳುಪು ಸಿನೆಮಾದ ಸೀರೆಗೆ ಯಾವ ಬಣ್ಣ?

ಕಪ್ಪು-ಬಿಳುಪು ಸಿನೆಮಾದಲ್ಲಿ ನಾಯಕಿ ಉಟ್ಟ ಸೀರೆಯ ಬಣ್ಣ ಯಾವುದು? ಈಗ ಯಾರಾದರೂ ಹೀಗೆ ಕೇಳಿದರೆ ಜನ ನಕ್ಕುಬಿಡುತ್ತಾರೆ. ಆದರೆ ಎಂಬತ್ತರ ದಶಕದ ನಡುವಿನಲ್ಲಿ, ದಾಂಡೇಲಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ, ಇದೇ ಪ್ರಶ್ನೆಗೆ ವಯಸ್ಸಾದ ಗಂಡಸರು ಕೈ ಕೈ ಮಿಲಾಯಿಸುವುದೊಂದು ಬಾಕಿ ಇತ್ತು. ತೀರ್ಪು ಹೇಳಬೇಕಾದವಳು ನಾನು. ಯಾಕೆಂದರೆ ಕುಂಚ ನನ್ನ ಕೈಯಲ್ಲಿತ್ತು.

ನಾನು ಧಾರವಾಡದವಳು, ಮದುವೆಯಾಗಿ ದಾಂಡೇಲಿಗೆ ಬಂದವಳು. ಗಂಡ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮೈದುನನಿಗೆ ಮಾತ್ರ ಸೈರನ್ ಕೂಗಿದಾಗ ಏಳುವುದು, ಸೈರನ್ ಕೂಗಿದಾಗ ಉಣ್ಣುವುದು ಸರಿಬರಲಿಲ್ಲ. ಅವನು ಮುಂದಿನ ಖೋಲಿಯಲ್ಲಿ ವಿಡಿಯೋ ಕ್ಯಾಸೆಟ್ ಲೈಬ್ರರಿ ತೆರೆದ. ಹೊಸ ಹಿಂದಿ ಸಿನೆಮಾಗಳಿಗೆ ಒಂದು ಕಪಾಟು, ಹಳೆಯ ಕನ್ನಡ, ಮರಾಠಿ ಸಿನೆಮಾಗಳಿಗೆ ಇನ್ನೊಂದು. ಹಳೆಯವನ್ನು ಯಾರು ಒಯ್ಯುತ್ತಾರೆ ಎಂದು ನಾನು ಮೂಗು ಮುರಿದಿದ್ದೆ. ನನ್ನ ಮಾತು ಸುಳ್ಳಾಯಿತು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಮಿಲ್ಲು ಸೇರಿದವರಿಗೆ, ತಮ್ಮ ಊರಿನ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ ಸಿನೆಮಾನೇ ಬೇಕಾಗಿತ್ತು. ಅಂಬಿಕಾನಗರದ ಕ್ವಾರ್ಟರ್ಸಿನಿಂದಲೂ ಬಸ್ಸು ಹತ್ತಿ ಬರುತ್ತಿದ್ದರು.

ಆ ಹಳೆಯ ಸಿನೆಮಾಗಳಿಗೆ ಕ್ಯಾಸೆಟ್ ಮಾಡಿದವರು ಹಾಕುತ್ತಿದ್ದ ಕವರುಗಳನ್ನು ನೋಡಬೇಕಿತ್ತು. ಒಂದರ ಮೇಲೆ ಬೇರೆ ಯಾವುದೋ ಸಿನೆಮಾದ ನಾಯಕ. ಇನ್ನೊಂದರಲ್ಲಿ ತಾಯಿಯ ಪಾತ್ರ ಮಾಡಿದಾಕೆಯ ತುಟಿಗೆ ಕೆಂಪು ಬಳಿದು ನಾಯಕಿ ಮಾಡಿಬಿಟ್ಟಿದ್ದರು. ಬೆಳಗಾವಿ ಕಡೆಯ ಒಬ್ಬ ಫಿಟ್ಟರ್ ಇದ್ದರು, ನಮ್ಮ ಲೈಬ್ರರಿಯ ಮೊದಲ ಗಿರಾಕಿ, ಹಳೆಯ ಸಿನೆಮಾ ಎಂದರೆ ಊಟ ಬಿಡುವ ಮನುಷ್ಯ. ಮೈದುನ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವುದನ್ನು ಕೇಳಿ ಗಿರಾಕಿಗಳಿಗೂ ನಾನು ವೈನಿಯೇ ಆಗಿದ್ದೆ. ಅವರು ಒಂದು ಭಕ್ತಿಚಿತ್ರದ ಕ್ಯಾಸೆಟ್ಟನ್ನು ನನ್ನ ಮುಂದೆ ಹಿಡಿದು ಕೇಳಿದ್ದರು:

"ವೈನಿ, ಇದು ದೇವರ ಪಿಕ್ಚರ್ ಐತಿ. ಕವರ್ ಮ್ಯಾಲೆ ಪಿಸ್ತೂಲು ಯಾಕ ಐತ್ರಿ? ದೇವರು ಯಾರಿಗೆ ಹೊಡದಾನ?"

ಇದ್ದ ಕವರುಗಳನ್ನು ಮಳೆಗಾಲ ತಿಂದು ಹಾಕಿತು. ಎರಡು ತಿಂಗಳಲ್ಲಿ ನಾಯಕರ ಮುಖಕ್ಕೆಲ್ಲ ಬೂಷ್ಟು ಬಂತು. ನಾನು ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪರೀಕ್ಷೆ ಪಾಸಾಗಿದ್ದೆ ಎಂಬುದು ಮೈದುನನಿಗೆ ಗೊತ್ತಿತ್ತು. "ನಮ್ಮ ವೈನಿ ಕೈಯಾಗ ಕಲಾ ಐತಿ" ಎಂದು ಬೆಣ್ಣೆ ಹಚ್ಚಿದ. ಬೆಣ್ಣೆ ಎಂದು ಗೊತ್ತಿದ್ದೂ ನಾನು ಕರಗಿದೆ. ದಪ್ಪ ಹಾಳೆ, ಪೋಸ್ಟರ್ ಬಣ್ಣ ತರಿಸಿ ಕವರು ಬರೆಯಲು ಕೂತೆ. ನನ್ನದೊಂದೇ ನಿಯಮ: ಸಿನೆಮಾ ಪೂರ್ತಿ ನೋಡದೆ ಅದರ ಕವರು ಮುಟ್ಟುವುದಿಲ್ಲ. ಪಿಸ್ತೂಲಿನ ತಪ್ಪು ನನ್ನಿಂದ ಆಗಬಾರದಿತ್ತು.

ಹಾಳೆಯ ಒಳಮೈ ಖಾಲಿ ಇರುತ್ತಿತ್ತು. ಒಂದು ದಿನ ವಾಪಸು ಬಂದ ಕ್ಯಾಸೆಟ್ಟಿನ ಕವರು ಬಿಚ್ಚಿ ನೋಡಿದರೆ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದಿದೆ: "ಮೀಸಿ ದಪ್ಪ ಆತು." ಅದರ ಕೆಳಗೆ ಮತ್ತೊಬ್ಬರ ಅಕ್ಷರ: "ಮೀಸಿ ಸರಿ ಐತಿ, ಕಿವಿ ಸಣ್ಣ ಆತು." ಅಲ್ಲಿಂದ ಅದೊಂದು ರೂಢಿಯೇ ಆಗಿಬಿಟ್ಟಿತು. ಕ್ಯಾಸೆಟ್ ಒಯ್ದವರು ಒಳಗೆ ಅಭಿಪ್ರಾಯ ಬರೆಯದೆ ತರುತ್ತಿರಲಿಲ್ಲ. "ಖಳನಾಯಕ ಇಷ್ಟು ಚಂದ ಇರಲಿಲ್ಲ." "ನಾಯಕಿ ಮೂಗು ವೈನಿ ಮೂಗಿನಂಗ ಐತಿ, ಆದ್ರೂ ನಡೀತೈತಿ." ಇದನ್ನು ಓದಿದ ದಿನ ನಾನು ಇಡೀ ಲೈಬ್ರರಿಯನ್ನು ಕಾಳಿ ನದಿಗೆ ಎಸೆಯುತ್ತೇನೆಂದು ಕೂಗಾಡಿದ್ದೆ. ಹಾಗಂತ ಕ್ಯಾಸೆಟ್ ಬಂದ ಕೂಡಲೇ ಮೊದಲು ಒಳಮೈ ಓದುವವಳೂ ನಾನೇ.

ಜಗಳ ಹೆಚ್ಚು ಆಗುತ್ತಿದ್ದುದು ಬಣ್ಣದ ಬಗ್ಗೆ. ಫಿಟ್ಟರ್ ಒಂದು ಸಿನೆಮಾದ ನಾಯಕಿಯ ಸೀರೆ ಬದನೆಕಾಯಿ ಬಣ್ಣದ್ದು ಎಂದು ಹಟ ಹಿಡಿದಿದ್ದರು. ಪರದೆಯ ಮೇಲೆ ಕಪ್ಪಾಗಿ ತಾನೇ ಕಂಡಿತ್ತು ಎಂದು ಕೇಳಿದೆ.

"ಕಂಡಿದ್ದು ಕರೀದ ಖರೆ. ಆದ್ರ ಅದು ಬದನಿಕಾಯಿ ಬಣ್ಣ."

"ನಿಮಗ ಹೆಂಗ ಗೊತ್ತಾತು?"

"ಗೊತ್ತಾಗ್ತೈತ್ರಿ" ಎಂದರು, ಇದೂ ಒಂದು ಪ್ರಶ್ನೆಯೇ ಎನ್ನುವ ಧಾಟಿಯಲ್ಲಿ.

ಅವತ್ತಿನಿಂದ ನನಗೊಂದು ಚಟ ಹತ್ತಿತು. ಬಂದವರನ್ನೆಲ್ಲ ಕೇಳುವುದು: ಆ ಸಿನೆಮಾದಲ್ಲಿ ಅವಳ ಸೀರೆ ನಿಮಗೆ ಯಾವ ಬಣ್ಣದ್ದಾಗಿ ನೆನಪಿದೆ? ಬಣ್ಣವೇ ಇರಲಿಲ್ಲವಲ್ಲ ಎಂದವರು ಬಹಳ ಕಡಿಮೆ. ಗುಲಾಬಿ ಎಂದರು, ನೀಲಿ ಎಂದರು, ಒಬ್ಬರು ಅಂಚು ಕೂಡ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ನೋಡಿದ ಬೂದು ನೆರಳಿಗೆ ಇಷ್ಟು ಮಂದಿ ತಮ್ಮ ತಮ್ಮ ಬಣ್ಣ ತುಂಬಿಕೊಂಡು ಇಟ್ಟುಕೊಂಡಿದ್ದಾರೆ ಎಂಬುದು ನನಗೆ ತೀರದ ಸೋಜಿಗವಾಗಿತ್ತು. ಅನ್ನಕ್ಕೆ ಇಟ್ಟು ಬಂದು ಇದನ್ನೇ ಕೇಳುತ್ತ ನಿಂತು ಎಷ್ಟು ಸಲ ತಳ ಹಿಡಿಸಿದ್ದೇನೋ.

ಹಾಗಿರುವಾಗ ಒಂದು ಸಂತೆಯ ದಿನ ಒಬ್ಬಾಕೆ ಬಾಗಿಲಲ್ಲಿ ಬಂದು ನಿಂತಳು. ಸಾಂಬ್ರಾಣಿ ಊರಿನ ಕಡೆಯ, ಕಾಡಂಚಿನ ಸಿದ್ದಿ ಜನಾಂಗದ ಹೆಣ್ಣುಮಗಳು. ನಲವತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಸಂತೆಯ ಚೀಲ. ಕಾಡಿನಲ್ಲಿ ಕುಣಿತವಿರುವ ಒಂದು ಹಳೆಯ ಸಿನೆಮಾ ಇದೆಯೇ ಎಂದು ಕೇಳಿದಳು. ಇತ್ತು. ನಾನು ಅದೇ ಸಿನೆಮಾದ ಕವರಿಗೆ ಪೆನ್ಸಿಲ್ ಗೆರೆ ಎಳೆಯುತ್ತ ಕೂತಿದ್ದೆ.

"ನಾ ಅದರಾಗ ಅದೀನ್ರಿ" ಎಂದಳು.

ಮೈದುನ ನಕ್ಕ. "ಹೀರೋಯಿನ್ ಏನ್ರಿ?"

"ಅಲ್ರಿ. ಹಿಂದ ಕುಣಿಯೋರಾಗ ಮೂರನೇದಾಕಿ."

ಆ ಕುಣಿತವನ್ನು ಕಾಳಿ ನದಿಯ ದಂಡೆಯಲ್ಲಿ ತೆಗೆದಿದ್ದರಂತೆ. ಅವಳಿಗೆ ಆಗ ಹದಿನಾರು. ಅವಳ ಊರಿನಿಂದ ಐದು ಹುಡುಗಿಯರನ್ನು ಲಾರಿಯಲ್ಲಿ ಕರೆದೊಯ್ದಿದ್ದರು. ಸಿನೆಮಾ ಆಮೇಲೆ ಹಳಿಯಾಳಕ್ಕೆ ಬಂತು, ಅಪ್ಪ ನೋಡಲು ಕಳಿಸಲಿಲ್ಲ. ಅವಳು ತನ್ನನ್ನು ತಾನು ಪರದೆಯ ಮೇಲೆ ಈವರೆಗೂ ನೋಡಿರಲಿಲ್ಲ. ಈಗ ಅವಳ ಮಗಳಿಗೂ ಹದಿನಾರು, ಹಳಿಯಾಳದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ತಾಯಿ ಸಿನೆಮಾದಲ್ಲಿ ಕುಣಿದ ಕತೆ ಚಿಕ್ಕವಳಿದ್ದಾಗ ಕೇಳಿ ಕೇಳಿ ಕುಣಿದಾಡಿದವಳು, ಈಗ ನಾಲ್ಕು ಜನರ ಮುಂದೆ "ಅವ್ವಾ, ಸುಳ್ಳ ಹೇಳಬ್ಯಾಡ, ನನಗ ನಾಚಿಕಿ ಬರ್ತೈತಿ" ಅನ್ನುತ್ತಾಳಂತೆ.

"ಮಗಳು ನಂಬವಲ್ಲಳ್ರಿ" ಎಂದಳು. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಬರುವ ಭಾನುವಾರದ ಆಚೆಯ ಭಾನುವಾರ, ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ, ಟಿವಿ ಮತ್ತು ವಿಸಿಆರ್ ಅವಳ ಮನೆಗೆ ತರುವುದಾಗಿ ಮೈದುನ ಒಪ್ಪಿಕೊಂಡ. ಹೊರಡುವ ಮುಂಚೆ ಅವಳು ನನ್ನ ಹಾಳೆಯ ಮೇಲೆ ಬಗ್ಗಿದಳು. ಮುಂದೆ ದೊಡ್ಡದಾಗಿ ನಾಯಕಿ, ಹಿಂದೆ ಬೆರಳುದ್ದದ ಐದು ಹುಡುಗಿಯರು. ಮೂರನೆಯವಳ ಮೇಲೆ ಬೆರಳಿಟ್ಟು ಅವಸರದಲ್ಲಿ ಏನೋ ಅಂದಳು. ನನಗೆ ಕೇಳಿಸಿದ್ದು ಇಷ್ಟು: "ಇಲ್ಲೆ ನಂದು ಹಸರ ಹಾಕ್ರಿ."

ನನಗೆ ಹಿಗ್ಗೋ ಹಿಗ್ಗು. ಇಷ್ಟು ದಿನ ನೋಡಿದವರನ್ನೇ ಕೇಳಿದ್ದೆ, ಈಗ ಉಟ್ಟವಳೇ ಬಂದು ಬಣ್ಣ ಹೇಳಿದ್ದಳು! ಆ ವಾರವೆಲ್ಲ ಕೂತು ಮೂರನೆಯ ಹುಡುಗಿಗೆ ಗಿಳಿಹಸಿರು ಸೀರೆ ಉಡಿಸಿದೆ. ಉಳಿದ ನಾಲ್ವರಿಗೆ ಮಾಸಲು ಕಂದು. ಫಿಟ್ಟರ್ ನೋಡಿ, ಹಿಂದಿನವಳು ನಾಯಕಿಗಿಂತ ಎದ್ದು ಕಾಣುತ್ತಾಳೆ, ಇದು ಸರಿಯಲ್ಲ ಎಂದು ತಕರಾರು ತೆಗೆದರು. ಉಟ್ಟವಳೇ ಹೇಳಿದ್ದಾಳೆ ಎಂದು ನಾನು ಬಾಯಿ ಮುಚ್ಚಿಸಿದೆ.

ಮುಂದಿನ ಸಂತೆಗೆ ಅವಳು ಬಂದಳು. ನಾನು ಕವರು ಮುಂದಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ಬೆರಳನ್ನು ಚಿತ್ರದ ಸುತ್ತ ಒಯ್ದಳು. ಹಿಂದೆ ತಿರುಗಿಸಿದಳು. ಮತ್ತೆ ಮುಂದೆ ನೋಡಿದಳು.

"ಎಲ್ಲೈತ್ರಿ ಅಕ್ಕಾರ?"

"ಇಲ್ಲೇ ನೋಡ್ರಿ, ನೀವು ಹೇಳಿದಂಗ ಹಸರ ಹಾಕೀನಿ."

"ಹಸರ ಅಲ್ರಿ. ಹೆಸರ. ನನ್ನ ಹೆಸರ ಹಾಕ್ರಿ ಅಂದಿದ್ದೆ. ಓದಾಕ ಬರೂದಿಲ್ಲ, ಆದ್ರ ನನ್ನ ಹೆಸರಿನ ಅಕ್ಷರ ಗುರ್ತ ಹಿಡೀತೇನಿ."

ನನ್ನ ಮುಖ ಬಿಸಿಯಾಯಿತು. ಬಣ್ಣ, ಬಣ್ಣ ಎಂದು ಜಪ ಮಾಡುತ್ತಿದ್ದ ಕಿವಿಗೆ ಬೇರೆ ಮಾತು ಕೇಳಿಸುವುದಾದರೂ ಹೇಗೆ. ಆದರೂ ಹುಟ್ಟುಗುಣ ಬಿಡಲಿಲ್ಲ, ನೋಡಿ. ಹಾಗಾದರೆ ಅವತ್ತು ಉಟ್ಟ ಸೀರೆ ಯಾವ ಬಣ್ಣದ್ದು ಎಂದು ಕೇಳಿಯೇಬಿಟ್ಟೆ.

"ಸೀರಿ ಎಲ್ಲೀದ್ರಿ?" ಎಂದಳು. "ಐದೂ ಮಂದಿ ಇದ್ದದ್ದರಾಗ ಚಲೋ ಸೀರಿ ಉಟ್ಟು ಹೋಗಿದ್ವಿ. ನಂದು ಹಳದಿ ಇತ್ತು. ಅವರು ಬಿಚ್ಚಿಸಿ ಗೋಣಿತಟ್ಟು ಸುತ್ತಿದ್ರು. ಕಾಡಿನ ಮಂದಿ ಅಂದ್ರ ಹಿಂಗ ಇರಬೇಕು ಅಂದ್ರು."

ನಾನು ಆ ಸಿನೆಮಾ ಎರಡು ಸಲ ನೋಡಿದ್ದೆ. ನೋಡದೆ ಬರೆಯುವುದಿಲ್ಲ ಎಂದು ಜಂಬ ಕೊಚ್ಚಿದವಳು. ಗೋಣಿತಟ್ಟು ನನ್ನ ಕಣ್ಣ ಮುಂದೆಯೇ ಕುಣಿದು ಹೋಗಿತ್ತು, ನಾನು ಸೀರೆ ಎಂದುಕೊಂಡು ಸೀರೆ ಬರೆದಿದ್ದೆ. ನಾಯಕಿಯ ಸೆರಗಿನ ಅಂಚು ನೆನಪಿಟ್ಟುಕೊಂಡ ಅಷ್ಟು ಮಂದಿ ಅಭಿಮಾನಿಗಳಲ್ಲಿ ಒಬ್ಬರೂ ಹಿಂದಿನ ಹುಡುಗಿಯರು ಏನು ಉಟ್ಟಿದ್ದರೆಂದು ಹೇಳಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಹೊಸ ಹಾಳೆ ತೆಗೆದೆ. ಫಿಟ್ಟರ್ ಮೆಲ್ಲಗೆ, ಇದ್ದದ್ದನ್ನು ಇದ್ದಂತೆ ಗೋಣಿತಟ್ಟೇ ಬರೆಯಬೇಕು, ಇಲ್ಲವಾದರೆ ಒಳಗೊಂದು ಹೊರಗೊಂದು ಆಗುತ್ತದೆ ಎಂದರು. ನಾನು ಅವಳನ್ನು ಕೇಳಿದೆ.

"ಗೋಣಿತಟ್ಟು ಬ್ಯಾಡ್ರಿ" ಎಂದಳು. ಅಷ್ಟೇ.

ಹಳದಿ ಸೀರೆ ಬರೆದೆ. ಐವರಿಗೂ ಸೀರೆ ಉಡಿಸಿ, ಮೂರನೆಯವಳ ಪಕ್ಕ ಅವಳ ಹೆಸರನ್ನು ಬಿಳಿ ಬಣ್ಣದಲ್ಲಿ ಸ್ಪಷ್ಟವಾಗಿ ಬರೆದೆ. ನಾಯಕನ ಹೆಸರಿಗಿಂತ ದೊಡ್ಡದು ಬೇಡ ಎಂದು ಫಿಟ್ಟರ್ ಕೊನೆಯವರೆಗೂ ಕಾವಲು ಕೂತಿದ್ದರು.

ಆ ಭಾನುವಾರ ಟೆಂಪೋದಲ್ಲಿ ಟಿವಿಯನ್ನು ಗಾದಿಯ ಮೇಲಿಟ್ಟುಕೊಂಡು ಮೈದುನನ ಜೊತೆ ನಾನೂ ಹೋದೆ. ಬಿಟ್ಟು ಇರಲು ಆಗಲಿಲ್ಲ. ಮಧ್ಯಾಹ್ನದ ಬೆಳಕು ಬರದಂತೆ ಕಿಟಕಿಗೆ ಕಂಬಳಿ ಕಟ್ಟಿದ್ದರು. ಮನೆಯವರು, ನೆರೆಯವರು ಸೇರಿ ಹತ್ತು ಹನ್ನೆರಡು ಜನ ನೆಲದ ಮೇಲೆ ಕೂತಿದ್ದರು. ಮಗಳು ಎರಡು ಜಡೆಯ ತೆಳ್ಳನೆಯ ಹುಡುಗಿ, ಗೋಡೆಗೆ ಒರಗಿ ನಿಂತಿದ್ದಳು. ತಾಯಿ ಕವರನ್ನು ಅವಳ ಕೈಗೆ ಕೊಟ್ಟು, "ಓದು" ಎಂದಳು.

ಹುಡುಗಿ ಓದಿದಳು. ತಾಯಿಯ ಹೆಸರು ಅವಳ ಬಾಯಿಂದ ತಪ್ಪಿಲ್ಲದೆ ಬಂತು. ಆಮೇಲೆ ಕವರನ್ನು ಮೂಗಿನ ಹತ್ತಿರ ಹಿಡಿದಳು.

"ಬಣ್ಣದ ವಾಸನಿ ಬರ್ತೈತಿ. ಇದು ಈಗ ಬರದದ್ದು. ಬರಿಯಾಕೇನು, ಯಾರ ಹೆಸರ ಬೇಕಾದ್ರೂ ಬರೀತಾರ."

ತಾಯಿ ನನ್ನ ಕಡೆ ನೋಡಿದಳು. ಹುಡುಗಿಯ ಮಾತು ಖರೆ ಇತ್ತು. ಕವರು ಎಷ್ಟು ಸುಳ್ಳು ಹೇಳಬಲ್ಲದೆಂದು ಆ ಮನೆಯಲ್ಲಿ ನನ್ನಷ್ಟು ತಿಳಿದವರು ಯಾರಿದ್ದರು. ಸಹಾಯ ಮಾಡಲು ಹೋಗಿ ಇನ್ನಷ್ಟು ಕೆಡಿಸಿಬಿಟ್ಟಿದ್ದೆ.

ಸಿನೆಮಾ ಶುರುವಾಯಿತು. ಒಂದು ತಾಸಿನ ಮೇಲೆ ಕಾಡಿನ ಹಾಡು ಬಂತು. ಕ್ಯಾಸೆಟ್ಟು ಸವೆದಿತ್ತು, ಚಿತ್ರದ ಮೇಲೆ ಬಿಳಿ ಗೆರೆಗಳು ಓಡುತ್ತಿದ್ದವು. ನಾಯಕಿಯ ಹಿಂದೆ ಐದು ಹುಡುಗಿಯರು ಬಂದರು, ಸುತ್ತಿದರು, ಹೋದರು. ಮುಖಗಳು ಒರೆಸಿಹಾಕಿದಂತೆ ಇದ್ದವು. ಒಬ್ಬ ಮುದುಕರು "ಹೌದು ಹೌದು, ನೀನ ಇದ್ದಂಗ ಕಂಡಿ" ಎಂದರು. ಅವರಿಗೂ ಏನೂ ಕಂಡಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ತಾಯಿ ಮಾತ್ರ ಟಿವಿ ನೋಡಿಯೇ ಇರಲಿಲ್ಲ. ಇಪ್ಪತ್ತು ವರ್ಷ ಕಾದವಳು ಆ ಹೊತ್ತಿನಲ್ಲಿ ಮಗಳ ಮುಖ ನೋಡುತ್ತಿದ್ದಳು.

"ಇನ್ನೊಮ್ಮೆ ಹಾಕ್ರಿ" ಎಂದಳು ಹುಡುಗಿ.

ಮೈದುನ ಹಿಂದಕ್ಕೆ ತಿರುಗಿಸಿ ಹಾಕಿದ. ಅವಳು ಗೋಡೆ ಬಿಟ್ಟು ಮುಂದೆ ಬಂದಳು. "ಇನ್ನೊಮ್ಮೆ." ಮೂರನೆಯ ಸಲ ಅವಳು ಟಿವಿಯ ಮುಂದೆ ಗೇಣಿನ ದೂರದಲ್ಲಿ ಮೊಣಕಾಲೂರಿ ಕೂತಿದ್ದಳು. ಹೆಜ್ಜೆ ಹಾಕುವ ಮುಂಚೆ ಮೂರನೆಯ ಹುಡುಗಿ ಎರಡೂ ಅಂಗೈಗಳನ್ನು ಸೊಂಟಕ್ಕೆ ಒರೆಸಿಕೊಂಡಳು, ಒಮ್ಮೆ ಹೀಗೆ, ಒಮ್ಮೆ ಹಾಗೆ. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ.

"ನಿಂದರಸ್ರಿ!" ಹುಡುಗಿ ಕೂಗಿದಳು. "ಕುಡಗೋಲು ಹಿಡಿಯೂ ಮುಂದ ಅವ್ವ ಹಿಂಗ ಮಾಡ್ತಾಳ. ಇಕಿ ಅವ್ವ. ಇಕಿ ನಮ್ಮವ್ವ!"

ಮೈದುನ ಗುಂಡಿ ಒತ್ತಿದ. ಚಿತ್ರ ನಡುಗುತ್ತ ನಿಂತಿತು. ನದಿಯ ದಂಡೆಯ ಮೇಲೆ ಮಂಜು ಕವಿದಿತ್ತು. ನಾಯಕಿ ಉದ್ದ ತೋಳಿನ ಕುಪ್ಪಸ ತೊಟ್ಟು ಮೇಲೆ ಶಾಲು ಹೊದ್ದಿದ್ದಳು. ಅವಳ ಹಿಂದೆ ಮಗಳಷ್ಟೇ ವಯಸ್ಸಿನ ತಾಯಿ, ಬರಿಯ ಹೆಗಲು, ಗೋಣಿತಟ್ಟು.

ಹುಡುಗಿ ಗಾಜಿನ ಮೇಲೆ, ಆ ಬರಿಯ ಹೆಗಲಿಗೆ ಬೆರಳಿಟ್ಟಳು. ಆಮೇಲೆ ಹಿಂದೆ ತಿರುಗದೆ ಕೇಳಿದಳು:

"ಅವ್ವಾ, ನಿನಗ ಥಂಡಿ ಆಗಿತ್ತೇನು?"

"ಹೂಂ" ಎಂದಳು ತಾಯಿ. "ಭಾಳ."